ರಾಮಕೃಷ್ಣರ ಹಿಪ್ ಹಾಪ್ ಆಯ್ಕೆ ಸಮಿತಿ

"ಇದೊಂದು ವಿಷಯ ಮುಂಚೇನೇ ಹೇಳಿಬಿಡೋದು ಒಳ್ಳೇದು," ಎಂದರು ನಳಿನಿಯವರು, ಮುರಿದ ಪೂರಿಯನ್ನು ತಟ್ಟೆಗೇ ವಾಪಸ್ ಹಾಕಿ. "ನಮ್ಮ ಅಮೋಘ್ ಕುಡಿಯಲ್ಲ, ಸೇದಲ್ಲ. ಆದರೆ ಹಿಪ್ ಹಾಪ್ ಕೇಳ್ತಾನೆ."

ವಡೋದರಾ ನಿಲ್ದಾಣದ ಹತ್ತಿರದ ಆ ಥಾಳಿ ಹೋಟೆಲಿನಲ್ಲಿ ನಮ್ಮ ಮೇಜಿನ ಸುತ್ತ ಉಳಿದವರ ಪೂರಿಯೂ ತಟ್ಟೆಗೆ ವಾಪಸ್ ಬಂತು. ಕಢಿ ಬಡಿಸಲು ಬಂದವನು ಕೂಡ ಏನೋ ಆಗಬಾರದ್ದು ಆಗಿದೆಯೆಂದು ಸೌಟು ಹಿಡಿದು ಹಾಗೇ ನಿಂತ.

ನಳಿನಿಯವರು ಗಂಡಿನ ತಾಯಿ, ಮೈಸೂರು ಕಡೆಯಿಂದ ಬಂದು ಸೂರತ್‌ನ ಅಡಾಜಣ್‌ನಲ್ಲಿ ನೆಲೆಸಿದವರು. ಹೆಣ್ಣಿನ ಕಡೆಯವರು ಧಾರವಾಡ ಕಡೆಯಿಂದ ಬಂದು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನೆಲೆಸಿದವರು. ಯಾರ ಮನೆಗೆ ಯಾರು ಮೊದಲು ಹೋಗಬೇಕು ಎಂಬ ಪ್ರಶ್ನೆಗೆ ರೈಲ್ವೆಯವರೇ ಉತ್ತರ ಕೊಟ್ಟಿದ್ದರು. ಎರಡೂರಿನ ನಡುವೆ ವಡೋದರಾ ಇದೆ; ಹುಡುಗಿ ಪೂರ್ವಿ ಅಲ್ಲಿಯದೇ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಸಂಬಂಧ ಸೂಚಿಸಿದವನು ನಾನು. ಹೀಗಾಗಿ ನನಗೂ ಒಂದು ಥಾಳಿ.

ನಳಿನಿಯವರ ಮುಖ ಕೆಂಪಾಗಿತ್ತು. ಮಗನ ಗುಟ್ಟನ್ನು ಹೇಳಿಬಿಟ್ಟ ತಾಯಿಯ ಮುಜುಗರ ಅದು. ನಾನು ತಕ್ಷಣ ಹುಡುಗಿಯ ತಂದೆ ರಾಮಕೃಷ್ಣರ ಕಡೆ ನೋಡಿದೆ.

ಏಕೆಂದರೆ ನಮ್ಮ ರಾಮಕೃಷ್ಣರಿಗೆ ಒಂದು ಕಾಯಿಲೆಯಿದೆ. ತಮ್ಮ ಎದುರು ಯಾರೇ ಮುಜುಗರಪಟ್ಟರೂ ಅವರು ಸಹಿಸಲಾರರು. ಯಾರಾದರೂ ಮೂಲವ್ಯಾಧಿ ಎಂದು ಪಿಸುಗುಟ್ಟಿದರೆ ಇವರು ಗಟ್ಟಿಯಾಗಿ "ನನಗೂ ಇತ್ತು" ಅನ್ನುತ್ತಾರೆ. ಇವರ ವಿಮಾ ಕಚೇರಿಯಲ್ಲಿ ಹೊಸ ಮ್ಯಾನೇಜರು ಮೆಟ್ಟಿಲಲ್ಲಿ ಜಾರಿದಾಗ, ಅವರೊಬ್ಬರೇ ಜಾರಿದಂತಾಗಬಾರದೆಂದು ಇವರೂ ಹಿಂದೆಯೇ ಎರಡು ಮೆಟ್ಟಿಲು ಜಾರಿದ್ದರು. ಮ್ಯಾನೇಜರಿಗೆ ಏನೂ ಆಗಲಿಲ್ಲ, ಇವರ ಮೊಣಕಾಲಿಗೆ ಪಟ್ಟಿ ಬಿತ್ತು.

"ಅಯ್ಯ, ಅದಕ್ಯಾಕ ಸಂಕೋಚ ಮಾಡ್ಕೋತೀರಿ?" ಎಂದರು ರಾಮಕೃಷ್ಣ. "ನಾನೂ ಕೇಳ್ತೀನಲ್ಲ."

ಅವರ ಹೆಂಡತಿ ಮೀರಾ ಅವರ ಕೈಯಲ್ಲಿದ್ದ ಚಮಚ ಬಟ್ಟಲಿಗೆ ಬಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ.

"ನೀವು?" ಎಂದು ಕೇಳಿದವರು ಗಂಡಿನ ತಂದೆ ನಂಜುಂಡ. ಬ್ಯಾಂಕಿನ ತಪಾಸಣೆ ವಿಭಾಗದಲ್ಲಿ ನಿವೃತ್ತರಾದವರು. ಕೆಲಸ ನಿಂತರೂ ತಪಾಸಣೆ ನಿಂತಿರಲಿಲ್ಲ. "ಎಷ್ಟು ವರ್ಷದಿಂದ?"

"ಭಾಳ ವರ್ಷ ಆತ್ರಿ. ಲಗ್ನಕ್ಕ ಮೊದಲಿಂದ."

"ಹಾಗಾದರೆ ಒಳ್ಳೇದೇ ಆಯ್ತು," ಎಂದು ನಂಜುಂಡ ಮುಂದಕ್ಕೆ ಬಾಗಿದರು. "ನನಗೆ ಒಂದಕ್ಷರ ಅರ್ಥ ಆಗಲ್ಲ. ಮಗ ದಿನಾ ಏನು ಕೇಳ್ತಾನೆ ಅನ್ನೋದೇ ನನಗೆ ಗೊತ್ತಿಲ್ಲ. ಏನೂ ಗೊತ್ತಿಲ್ಲದೋರಿಗೆ ಇದೇ ಹಿಪ್ ಹಾಪ್ ಅಂತ ತೋರಿಸೋ ಹಾಗೆ ಒಂದೈದು ಆಲ್ಬಮ್ ಆರಿಸಿಕೊಡಿ. ಮುಂದಿನ ತಿಂಗಳು ಸೂರತ್‌ಗೆ ಬರ್ತೀರಲ್ಲ, ಅವತ್ತು ಎಲ್ಲರೂ ಕೂತು ಕೇಳೋಣ. ಆಮೇಲೆ ಉಳಿದ ಮಾತು."

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇದೇ ನಂಜುಂಡ ಹಿಂದೊಂದು ಸಂಬಂಧವನ್ನು ಬೇಡವೆಂದಿದ್ದರು. ಆ ಹುಡುಗಿಯ ತಂದೆ ತಾನು ದಿನಾ ಬೆಳಿಗ್ಗೆ ವಾಕಿಂಗ್ ಮಾಡುತ್ತೇನೆಂದು ಹೇಳಿದ್ದರಂತೆ. ನಂಜುಂಡ ಮರುದಿನವೇ ಬೂಟು ಹಾಕಿಕೊಂಡು ಅವರ ಜೊತೆ ಹೊರಟರು. ಆ ಮನುಷ್ಯ ಗೇಟಿನ ಹತ್ತಿರವೇ ಏದುಸಿರು ಬಿಟ್ಟು ಕಾವಲುಗಾರನ ಕುರ್ಚಿಯಲ್ಲಿ ಕೂತುಬಿಟ್ಟರು. "ವಾಕಿಂಗ್ ಬರದಿದ್ರೆ ಪರವಾಗಿಲ್ಲ, ಸುಳ್ಳು ಬರುತ್ತಲ್ಲ, ಅದು ಆಗಲ್ಲ," ಎಂದು ನಂಜುಂಡ ಆ ಮಾತುಕತೆಯನ್ನೇ ಮುಗಿಸಿದ್ದರು. ಈ ಕಥೆಯನ್ನು ರಾಮಕೃಷ್ಣರಿಗೆ ನಾನೇ ಹೇಳಿದ್ದೆ. ಅವರು ನಕ್ಕಿದ್ದರು ಕೂಡ.

ಅತ್ತ ಮೂಲೆಯ ಮೇಜಿನಲ್ಲಿ, ಮಾತಾಡಿಕೊಳ್ಳಲಿ ಎಂದು ಬೇರೆ ಕೂರಿಸಿದ್ದ ಪೂರ್ವಿ ಮತ್ತು ಅಮೋಘ್, ತಟ್ಟೆಯಲ್ಲಿದ್ದುದೆಲ್ಲ ಆರಿಹೋದರೂ ಗೊತ್ತಾಗದೆ ನಗುತ್ತಿದ್ದರು. ಮದುವೆಯ ಮಾತೆತ್ತಿದರೆ ಫೋನ್ ಇಟ್ಟುಬಿಡುತ್ತಿದ್ದ ಹುಡುಗಿ ಅವಳು. ರಾಮಕೃಷ್ಣ ಅತ್ತ ನೋಡಿದರು, ನಂಜುಂಡರ ಕಡೆ ತಿರುಗಿದರು.

"ಆರಿಸ್ತೀನ್ರಿ," ಎಂದರು. "ಅದೇನು ಮಹಾ."

ವಾಪಸ್ ಬರುವ ರೈಲಿನಲ್ಲಿ ಮೀರಾ ಆನಂದ್ ನಿಲ್ದಾಣ ದಾಟುವವರೆಗೆ ಮಾತಾಡಲಿಲ್ಲ. ಆಮೇಲೆ ಅಹಮದಾಬಾದ್ ಬರುವವರೆಗೆ ನಿಲ್ಲಿಸಲಿಲ್ಲ.

"ಲಗ್ನಕ್ಕ ಮೊದಲಿಂದ ಕೇಳ್ತಾರಂತ. ಅಲ್ರೀ, ಹಿಪ್ ಹಾಪ್ ಅಂದ್ರ ತಿನ್ನೂದೋ ಉಡೂದೋ ನಿಮಗ ಗೊತ್ತದನ?"

"ಹಾಡಿಂದು ಅಂತ ಗೊತ್ತದ."

"ಪೂರ್ವಿನ್ನ ಕೇಳ್ರಿ, ಹೇಳ್ತಾಳ."

"ಬ್ಯಾಡ. ಆಕಿಗೆ ಹೇಳಿದ್ರ ಆಕಿ ಅವಗ ಹೇಳ್ತಾಳ, ಅವಾ ಅವರಪ್ಪಗ ಹೇಳ್ತಾನ. ನಾ ಹೇಳಿದ್ದು ನಾನೇ ಸಂಭಾಳಿಸಬೇಕು."

"ನಿಮ್ಮ ಮ್ಯಾಲೆ ನಂಗೇನೂ ಸಿಟ್ಟಿಲ್ಲ," ಎಂದರು ಮೀರಾ, ಪೂರಾ ಸಿಟ್ಟಿನಿಂದ. "ಆ ಹುಡುಗ ಛಲೋ ಇದ್ದಾನ. ಇದೊಂದು ಕೈ ಬಿಟ್ಟು ಹೋತಂದ್ರ ನಾ ಧಾರವಾಡಕ್ಕ ಹೋಗಿ ನಮ್ಮ ಅಣ್ಣನ ಮನ್ಯಾಗ ಇರ್ತೀನಿ."

ಹೀಗೆ ಹಿಪ್ ಹಾಪ್ ಎಂಬುದು ನಮ್ಮ ಹೌಸಿಂಗ್ ಸೊಸೈಟಿಯನ್ನು ಪ್ರವೇಶಿಸಿತು.

ನಾನು ರಾಮಕೃಷ್ಣರ ಮೇಲಿನ ಮಹಡಿಯವನು. ಮರುದಿನ ಸಂಜೆ ಅವರು ಫೋನು ಹಿಡಿದು ನಮ್ಮ ಮನೆಗೆ ಬಂದಾಗ ಅವರ ಮುಖದಲ್ಲಿ ಕಾಣೆಯಾದ ನೆಂಟರು ಸಿಕ್ಕಿದ ಕಳೆ ಇತ್ತು.

"ನೋಡ್ರಿಲ್ಲೆ. ಅಮೆರಿಕಾದಾಗೂ ಪ್ರಾದೇಶಿಕ ಅಸಮಾನತೆ ಅದ. ಪೂರ್ವದವರು ನಾವ ಹುಟ್ಟಿಸಿದ್ದು ಅಂತಾರ. ಪಶ್ಚಿಮದವರು ನಾವ ಬೆಳೆಸಿದ್ದು ಅಂತಾರ. ದಕ್ಷಿಣದವರು ನಮ್ಮನ್ನ ಯಾರೂ ಕರಿಯೂದೇ ಇಲ್ಲ ಅಂತಾರ. ಥೇಟ್ ನಮ್ಮ ಸಂಘದ ವಾರ್ಷಿಕ ಸಭಾ."

ರಾಮಕೃಷ್ಣ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ಕಾರ್ಯಕಾರಿ ಸಮಿತಿ ಮಾಡುವಾಗ ಹಳೇ ಮೈಸೂರಿಗೆ ಒಂದು, ಧಾರವಾಡ-ಬೆಳಗಾವಿಗೆ ಒಂದು, ಕಲಬುರಗಿಗೆ ಒಂದು, ಕರಾವಳಿಗೆ ಒಂದು, ಮಹಿಳೆಯರಿಗೆ ಒಂದು ಸ್ಥಾನ ಕೊಡದಿದ್ದರೆ ಗಣೇಶನ ಹಬ್ಬ ನಡೆಯುವುದಿಲ್ಲ. ಹಬ್ಬದ ಊಟಕ್ಕೂ ಇದೇ ನಿಯಮ. ಬಿಸಿಬೇಳೆಬಾತ್, ರೊಟ್ಟಿ, ನೀರುದೋಸೆ ಒಂದೇ ಎಲೆಯಲ್ಲಿ ಬೀಳುತ್ತವೆ. ಯಾವ ಜಿಲ್ಲೆಗೂ ಬೇಸರವಾಗುವುದಿಲ್ಲ, ಹೊಟ್ಟೆಗೆ ಮಾತ್ರ ಆಗುತ್ತದೆ. ಏನನ್ನೇ ಆರಿಸುವುದಾದರೂ ರಾಮಕೃಷ್ಣರಿಗೆ ಗೊತ್ತಿದ್ದ ದಾರಿ ಇದೊಂದೇ.

"ಪೂರ್ವಕ್ಕ ಒಂದು, ಪಶ್ಚಿಮಕ್ಕ ಒಂದು, ದಕ್ಷಿಣಕ್ಕ ಒಂದು, ಮಹಿಳಾ ಒಂದು," ಎಂದು ಅವರು ಬೆರಳು ಮಡಚಿದರು.

"ಕನ್ನಡಕ್ಕೆ?" ಎಂದೆ ನಾನು. ಸಂಘದ ಉಪಾಧ್ಯಕ್ಷನಾಗಿ ಅದು ನನ್ನ ಕರ್ತವ್ಯವಾಗಿತ್ತು.

"ಅಮೆರಿಕಾದಾಗ ಕನ್ನಡ ಎಲ್ಲಿಂದ ತರೂದ್ರಿ?"

"ಅಮೆರಿಕದ್ದೇ ಆಗಬೇಕು ಅಂತ ನಂಜುಂಡ ಹೇಳಿದ್ರಾ? ಮೈಸೂರು ಕಡೆ ಹುಡುಗರು ಮಾಡಿದ್ದು ಇರುತ್ತೆ. ಕನ್ನಡ ಇಲ್ಲದ ಸಮಿತಿಗೆ ನಾನು ಬರಲ್ಲ."

ಐದನೆಯ ಸ್ಥಾನ ಹಾಗೆ ಭರ್ತಿಯಾಯಿತು.

ಆಮೇಲಿನ ಸಂಜೆಗಳಲ್ಲಿ ಅವರ ಹಾಲ್‌ನಲ್ಲಿ ಸಂದರ್ಶನ ನಡೆಯಿತು. ರಾಮಕೃಷ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಪ್ರತಿಯೊಂದು ಆಲ್ಬಮ್ಮನ್ನೂ ಕೊನೆಯವರೆಗೆ ಕೇಳಿದರು. ಅರ್ಧಕ್ಕೆ ಎಬ್ಬಿಸಿ ಕಳಿಸುವುದು ಉಮೇದುವಾರರಿಗೆ ಅನ್ಯಾಯವೆಂಬುದು ಅವರ ನಿಲುವು. ಪಶ್ಚಿಮದಿಂದ ಬಂದವನೊಬ್ಬ ವಿಪರೀತ ಕೂಗಾಡಿದ. ದಕ್ಷಿಣದವನು ತೂಕಡಿಸುತ್ತಾ ಮಾತಾಡಿದ.

"ಇವರೆಲ್ಲಾ ಯಾಕ ಇಷ್ಟು ಸಿಟ್ಟಾಗ್ಯಾರ?" ಎಂದು ರಾಮಕೃಷ್ಣ ಸಮಿತಿಯನ್ನು ಕೇಳಿದರು.

"ಮನ್ಯಾಗ ಯಾರೋ ಇವರ ಮಾತು ನಡುವ ಕಡೀತಿರಬೇಕು," ಎಂದರು ಮೀರಾ ಅಡುಗೆಮನೆಯಿಂದ. "ಅದಕ್ಕ ಒಂದ ಉಸಿರಿಗೆ ಹೇಳಿ ಮುಗಸ್ತಾರ."

ಮಹಿಳಾ ಸ್ಥಾನದ ಸಂದರ್ಶನಕ್ಕೆ ಮಾತ್ರ ಅವರು ಹೊರಗೆ ಬಂದು ಕೂತರು. ಎರಡು ಹಾಡು ಕೇಳಿ ತಲೆಯಾಡಿಸಿದರು. "ಇಕಿ ಹೇಳೂದು ಖರೇ ಅದ. ಗಂಡ ಯಾರನ್ನೂ ಕೇಳದ ಎಲ್ಲೋ ಮಾತು ಕೊಟ್ಟು ಬಂದಾನ ಅಂತ ಕಾಣಸ್ತದ. ಇಕಿನ್ನ ತೊಗೋರಿ."

ಪಶ್ಚಿಮದವನ ಎರಡನೇ ಸುತ್ತು ನಡೆಯುತ್ತಿದ್ದ ಸಂಜೆ ಬಾಗಿಲ ಗಂಟೆ ಬಾರಿಸಿತು. ರಾಮಕೃಷ್ಣ ಹಾಡನ್ನು ತಡೆದು ಬಾಗಿಲು ತೆರೆದರು. ನಮ್ಮ ಸೊಸೈಟಿಯ ಛೇರ್ಮನ್ ಜಶುಭಾಯಿ ನಿಂತಿದ್ದರು. ಅವರ ಹಿಂದೆ ಪಕ್ಕದ ಮನೆಯ ಕಾಂತಾಬೆನ್.

"ರಾಮಕೃಷ್ಣಭಾಯ್, ಘರ್ ಮೇಂ ಮೆಹಮಾನ್ ಹೈ ಕ್ಯಾ?" ಎಂದರು ಜಶುಭಾಯಿ. ಹೊರಗಿನವರು ಯಾರೇ ಬಂದು ತಂಗಿದರೂ ಛೇರ್ಮನ್ನರಿಗೆ ತಿಳಿಸಬೇಕೆಂಬುದು ಸೊಸೈಟಿಯ ನಿಯಮ. ಮೂರ್ನಾಲ್ಕು ದಿನದಿಂದ ಈ ಮನೆಯಲ್ಲಿ ಒಬ್ಬ ಅಂಗ್ರೇಜ ಕೂಗಾಡುತ್ತಿದ್ದಾನೆ, ಒಮ್ಮೆಯಂತೂ ಯಾರಿಗೋ ಹೊಡೆಯುತ್ತೇನೆ ಅಂದ, ತಾನು ಗೋಡೆಗೆ ಕಿವಿಯಿಟ್ಟು ಕೇಳಿದ್ದೇನೆ ಎಂದು ಕಾಂತಾಬೆನ್ ದೂರು ಕೊಟ್ಟಿದ್ದರು.

ಜಶುಭಾಯಿ ಬಹಳ ಸಂಕೋಚದ ಮನುಷ್ಯ. ಹೀಗೆ ಒಬ್ಬ ಮರ್ಯಾದಸ್ಥನ ಮನೆ ಬಾಗಿಲಲ್ಲಿ ನಿಂತು ವಿಚಾರಿಸಬೇಕಾಯಿತಲ್ಲ ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಆ ಮುಜುಗರವನ್ನು ರಾಮಕೃಷ್ಣ ನೋಡಿದರು. ನಾನು ಹಿಂದಿನಿಂದ ಬೇಡ ಬೇಡ ಎಂದು ಕೈ ಮಾಡುವಷ್ಟರಲ್ಲಿ ಕಾಯಿಲೆ ಉಲ್ಬಣಿಸಿತ್ತು.

"ಹಾಂ, ಹಾಂ, ಮೆಹಮಾನ್ ಥಾ," ಎಂದರು. "ಅಮೆರಿಕಾ ಸೇ. ಗಾನೇವಾಲಾ ಹೈ. ಆಜ್ ಸುಬಹ್ ಚಲಾ ಗಯಾ." ಅಂದರೆ ಅಮೆರಿಕದ ಹಾಡುಗಾರನೊಬ್ಬ ಬಂದಿದ್ದ, ಬೆಳಿಗ್ಗೆಯೇ ಹೊರಟುಹೋದ.

ಅಷ್ಟರಲ್ಲಿ ಏನು ಹಣೆಬರಹವೋ, ಫೋನನ್ನು ಎತ್ತಿಡಲು ಹೋದ ಮೀರಾರ ಹೆಬ್ಬೆರಳು ತಗುಲಿ ಒಳಗಿನಿಂದ ಪಶ್ಚಿಮದವನು ಮತ್ತೆ ಗರ್ಜಿಸಿದ.

ಜಶುಭಾಯಿ ಒಳಗೆ ಇಣುಕಿದರು.

"ಯೇ ಉಸಕಾ ಭಾಯಿ ಹೈ," ಎಂದರು ರಾಮಕೃಷ್ಣ, ಒಳಗಿನವನನ್ನು ಹೋದವನ ತಮ್ಮನನ್ನಾಗಿ ಮಾಡಿ.

ಜಶುಭಾಯಿಗೆ ಎಷ್ಟು ಸಮಾಧಾನವಾಯಿತೆಂದರೆ, ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ಆಕೆ ಪಾಪ, ಊರು ಬಿಟ್ಟು ಬಂದ ಹುಡುಗ, ಖಾರ ತಿನ್ನಲಾರ ಎಂದು ಆ ತಮ್ಮನಿಗಾಗಿ ದಿನಾ ಮೆಂತ್ಯದ ರೊಟ್ಟಿ ತೇಪ್ಲಾ ಮತ್ತು ಮಾವಿನಕಾಯಿಯ ಸಿಹಿ ಉಪ್ಪಿನಕಾಯಿ ಛುಂದೋ ಕಳಿಸತೊಡಗಿದರು. ತಮ್ಮ ಹೋದನೆಂದು ಹೇಳಲು ರಾಮಕೃಷ್ಣರಿಗೆ ಬಾಯಿ ಬರಲಿಲ್ಲ. ಅವರು ಒಂದು ಕಡೆ ಹಿಪ್ ಹಾಪ್ ಕೇಳುತ್ತಾ ಒಂದು ಕಡೆ ಅಮೆರಿಕದವನ ಪಾಲಿನ ತೇಪ್ಲಾ ತಿನ್ನುತ್ತಾ ಆ ತಿಂಗಳು ಕಳೆದರು. ಸೂರತ್‌ಗೆ ಹೊರಡುವ ದಿನ ಅವರ ಪ್ಯಾಂಟಿನ ಗುಂಡಿ ಹತ್ತಲಿಲ್ಲ.

ಅಡಾಜಣ್‌ನ ಆ ಮನೆಯಲ್ಲಿ ನಂಜುಂಡ ಹೊಸ ಸ್ಪೀಕರ್ ಕೊಂಡು ಟಿ.ವಿ. ಪಕ್ಕ ಇಟ್ಟಿದ್ದರು. ನಳಿನಿಯವರು ಎಲ್ಲರಿಗೂ ಬಿಸಿ ಬಿಸಿ ಲೋಚೊ ಕೊಟ್ಟರು. ಕಡಲೆಬೇಳೆ ರುಬ್ಬಿ ಹಬೆಯಲ್ಲಿ ಬೇಯಿಸಿ, ಮೇಲೆ ಎಣ್ಣೆ, ಸೇವು ಹಾಕುವ ಸೂರತ್‌ನ ಆ ತಿಂಡಿಯನ್ನು ಅವರು ಉಪ್ಪಿಟ್ಟಿನ ಶಿಸ್ತಿನಲ್ಲಿ ಮಾಡುತ್ತಾರೆ. ಪೂರ್ವಿ ವಡೋದರಾದಿಂದ ಬಂದಿದ್ದಳು. ಊಟದ ಮೇಜಿನ ಹತ್ತಿರ ಅವಳ ಪಕ್ಕದ ಕುರ್ಚಿಯಲ್ಲಿ ಅಮೋಘ್. ಆ ಕುರ್ಚಿಯನ್ನು ಅವನು ಹಾಲ್‌ನಿಂದ ಎತ್ತಿಕೊಂಡು ಹೋದದ್ದನ್ನು ಎಲ್ಲರೂ ನೋಡಿ, ನೋಡದವರ ಹಾಗೆ ಇದ್ದೆವು.

"ಮೊದಲನೇದು ಪೂರ್ವ ವಿಭಾಗದಿಂದ," ಎಂದು ರಾಮಕೃಷ್ಣ ಎದ್ದು ನಿಂತು ಘೋಷಿಸಿ ಹಾಡು ಹಾಕಿದರು.

ನಳಿನಿಯವರು ಗಲ್ಲಕ್ಕೆ ಕೈಯಿಟ್ಟು ಕೇಳಿದರು. "ಇವನು ಉಸಿರು ಯಾವಾಗ ತಗೋತಾನೆ?"

"ಡೋಲಿನ ಏಟು ಬೀಳ್ತದಲ್ರಿ, ಅದರ ಹಿಂದ ಅಡಗಿ ಕದ್ದು ತೊಗೋತಾನ. ಹಾಂ, ಈಗ. ಕೇಳಿಸ್ತ? ನಾಕ್ ಸಲ ಕೇಳಿದ ಮ್ಯಾಲೆ ಸಿಗ್ತದ."

ಅಮೋಘ್ ತಟ್ಟೆ ಕೆಳಗಿಟ್ಟು ಇತ್ತ ತಿರುಗಿದ. "ಅಂಕಲ್, ಇದನ್ನ ನನಗೂ ಯಾರೂ ಹೇಳಿರಲಿಲ್ಲ."

ನನಗೆ ಧೈರ್ಯ ಬಂತು. ಪಶ್ಚಿಮವೂ ದಾಟಿತು. ದಕ್ಷಿಣದವನು ನಿಧಾನವಾಗಿ ಶುರು ಮಾಡಿದಾಗ ನಂಜುಂಡ ಕಣ್ಣು ಮುಚ್ಚಿದರು. "ಇದರಲ್ಲಿ ಅಮ್ಮನ ವಿಷಯ ಏನೋ ಬರುತ್ತಲ್ಲ?"

"ಹೌದ್ರಿ. ಅವ್ವ ಎರಡು ಕಡೆ ದುಡದು ಬರ್ತಾಳ. ಇವಾ ತಂಗಿಗೆ ಊಟ ಹಾಕಿ ಮಲಗಸ್ತಾನ."

"ಅಷ್ಟು ಒಳ್ಳೇ ವಿಷಯನಾ ಇದರಲ್ಲಿರೋದು?" ಎಂದು ನಂಜುಂಡ ಮಗನ ಕಡೆ ನೋಡಿದರು. ಆಮೇಲೆ ಬಹಳ ಪ್ರೀತಿಯಿಂದ ರಾಮಕೃಷ್ಣರ ಕಡೆ ವಾಲಿದರು. "ಅಂದಹಾಗೆ, ನಿಮ್ಮ ಮನೇಲಿ ಬಂದು ಉಳಿದಿದ್ರಲ್ಲ ಅಮೆರಿಕದ ಅಣ್ಣ-ತಮ್ಮ, ಅವರು ಹಾಡಿರೋದು ಇದರಲ್ಲಿ ಯಾವುದು?"

ರಾಮಕೃಷ್ಣರ ಗಂಟಲಲ್ಲಿ ಲೋಚೊ ನಿಂತಿತು.

"ಪಪ್ಪಾ?" ಎಂದಳು ಪೂರ್ವಿ, ತನ್ನ ಅಹಮದಾಬಾದಿ ಕನ್ನಡದಲ್ಲಿ. "ನಮ್ಮ ಘರ್‌ಗೆ ಯಾರು ಬಂದಿದ್ದು? ನನಗೆ ಯಾರೂ ಬೋಲೇ ಇಲ್ಲ."

ನಾಲ್ಕನೆಯದರ ಕಡೆ ಬೆರಳು ತೋರಿಸಿಬಿಡಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಆದರೆ ನಾಲ್ಕನೆಯದು ಮಹಿಳಾ ಸ್ಥಾನವೆಂದು ನೆನಪಾಗಿ ಕಣ್ಣು ಮುಚ್ಚಿಕೊಂಡೆ.

ರಾಮಕೃಷ್ಣ ನೀರು ಕುಡಿದರು. "ಯಾರೂ ಬಂದಿಲ್ರಿ," ಎಂದರು. "ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ವಡೋದರಾದಾಗ ನಿಮ್ಮ ಮನಿಯವರು ಸಂಕೋಚ ಮಾಡ್ಕೊಂಡ್ರು, ನನಗ ನೋಡ್ಲಿಕ್ಕೆ ಆಗಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಅವತ್ತಿನ ತನಕ ನಾ ಒಂದ ಹಾಡನೂ ಕೇಳಿದ್ದಿಲ್ಲ."

ನಂಜುಂಡ ಎದ್ದು ಹೋಗಿ ಸ್ಪೀಕರ್ ಬಂದ್ ಮಾಡಿದರು.

"ಅಂದರೆ ಮದುವೆಗೆ ಮುಂಚಿನಿಂದ ಅಂದಿದ್ದು?"

"ಸುಳ್ಳು."

"ಅಮೆರಿಕದವರು?"

"ಅದೂ ಸುಳ್ಳು. ತಮ್ಮ ಅನ್ನೂದು ಸುಳ್ಳಿನ ಮ್ಯಾಲಿನ ಸುಳ್ಳು."

"ನನ್ನ ಸ್ವಭಾವ ನಿಮಗೆ ಗೊತ್ತಿತ್ತು ಅನ್ಕೋತೀನಿ," ಎಂದು ನಂಜುಂಡ ನನ್ನ ಕಡೆ ನೋಡಿದರು. ನಾನು ತಟ್ಟೆಯಲ್ಲಿದ್ದ ಸೇವನ್ನು ನೋಡಿದೆ. ಅಮೋಘ್ "ಅಪ್ಪಾ" ಎಂದ. ನಂಜುಂಡ ಕೈಯೆತ್ತಿ ತಡೆದರು. ಪೂರ್ವಿ ಚಹಾದ ಕಪ್ಪನ್ನು ಸಾಸರ್ ಮೇಲೆ ಇಡಲು ಹೋಗಿ ಮೇಜಿನ ಮೇಲೆ ಇಟ್ಟಳು.

ಆಗ ಮೀರಾ ಸೆರಗು ಸರಿಮಾಡಿಕೊಂಡರು.

"ಒಂದು ಮಾತು ಕೇಳ್ಲೇನ್ರಿ ಅಣ್ಣಾರ? ನಮ್ಮನ್ಯಾಗ ಅಮೆರಿಕಾದವರು ಇದ್ದದ್ದು ನಮ್ಮ ಸೊಸೈಟಿಯವರಿಗಷ್ಟ ಗೊತ್ತು. ಸೂರತ್‌ನಾಗ ನಿಮಗ ಹ್ಯಾಂಗ ಗೊತ್ತಾತು?"

ನಂಜುಂಡ ಕನ್ನಡಕ ತೆಗೆದು ಒರೆಸಿದರು. "ಹೆಣ್ಣಿನ ಕಡೆ ಅಂದ ಮೇಲೆ ನಾಲ್ಕು ಕಡೆ ವಿಚಾರಿಸೋದು ಪದ್ಧತಿ. ಛೇರ್ಮನ್‌ಗೆ ಒಂದು ಫೋನ್ ಮಾಡಿದ್ದೆ."

"ಮಾಡಬೇಕ್ರಿ, ತಪ್ಪಲ್ಲ. ಗಂಡಿನ ತಂದಿ ಅಂತ ಹೇಳಿ ಕೇಳಿದ್ರೇನು?"

ನಂಜುಂಡ ಕನ್ನಡಕದ ಇನ್ನೊಂದು ಗಾಜನ್ನು ಒರೆಸಿದರು. ಆಮೇಲೆ ಮೊದಲನೆಯದನ್ನು ಮತ್ತೆ ಒರೆಸಿದರು.

"ಹೇಳಿಬಿಡಿ," ಎಂದರು ನಳಿನಿ. ಅವರು ಹೇಳದಿದ್ದಾಗ ತಾವೇ ಹೇಳಿದರು. "ಗ್ಯಾಸ್ ಏಜೆನ್ಸಿಯವರು ಅಂತ ಹೇಳಿದ್ರು ಕಣ್ರೀ. ಹಿಂದಿಯಲ್ಲಿ. ಅದೂ ಮೂಗು ಹಿಡ್ಕೊಂಡು."

"ಮೂಗು ಯಾಕ್ರೀ?"

"ದನಿ ಗುರುತು ಸಿಗಬಾರದಂತೆ."

"ಜಶುಭಾಯಿ ಇವರ ದನಿ ಕೇಳೇ ಇಲ್ಲಲ್ರಿ."

"ನಾನೂ ಅದನ್ನೇ ಹೇಳಿದೆ. ಕೇಳಬೇಕಲ್ಲ. ಸಿಲಿಂಡರ್ ಎಷ್ಟಿದೆ, ಜನ ಎಂಥೋರು, ಗಂಡ-ಹೆಂಡತಿ ಹೇಗಿದ್ದಾರೆ ಅಂತ ಒಂದೇ ಉಸಿರಿಗೆ ಕೇಳಿದ್ರು."

ಮೊದಲು ನಕ್ಕವಳು ಪೂರ್ವಿ. ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಗಲಿಲ್ಲ. ಅಮೋಘ್ ಮೇಜಿನ ಮೇಲೆ ತಲೆಯಿಟ್ಟುಬಿಟ್ಟ. ನಂಜುಂಡರ ಕಿವಿ ಕೆಂಪಾದವು. ಬ್ಯಾಂಕಿನ ಅಷ್ಟೊಂದು ಶಾಖೆಗಳನ್ನು ನಡುಗಿಸಿದ ಮನುಷ್ಯ ಸೋಫಾದ ಅಂಚಿನಲ್ಲಿ ಶಾಲೆಯ ಹುಡುಗನಂತೆ ಕೂತಿದ್ದರು.

ರಾಮಕೃಷ್ಣರಿಗೆ ಅದನ್ನು ನೋಡಲಾಗಲಿಲ್ಲ. "ಹೋಗ್ಲಿ ಬಿಡ್ರಿ, ಅದರಾಗೇನದ," ಎಂದು ಅವರು ಶುರು ಮಾಡಿದರು. "ನಾನೂ ಒಮ್ಮೆ ಮೂಗು..."

"ನೀವು ಸುಮ್ಮನಿರ್ರಿ," ಎಂದರು ಮೀರಾ.

ನಂಜುಂಡ ಕನ್ನಡಕ ಹಾಕಿಕೊಂಡರು. "ಈ ಆಲ್ಬಮ್‌ಗಳನ್ನ ನಿಜವಾಗಿ ಪೂರ್ತಿ ಕೇಳಿದ್ರಾ ನೀವು?"

"ಆರಿಸಿದ್ದೂ ಕೇಳೀನಿ, ಬಿಟ್ಟದ್ದೂ ಕೇಳೀನಿ. ಇವರನ್ನ ಕೇಳ್ರಿ." ರಾಮಕೃಷ್ಣ ನನ್ನ ಕಡೆ ಕೈ ತೋರಿಸಿದರು. ನನ್ನ ಮುಖ ನೋಡಿದರೆ ಸಾಕ್ಷಿ ಬೇಕಿರಲಿಲ್ಲವೆಂದು ಕಾಣುತ್ತದೆ.

"ಆ ವಾಕಿಂಗ್ ಮನುಷ್ಯ ಆಮೇಲಾದರೂ ನಡೀತಾನೇನೋ ಅಂತ ನಾನು ಒಂದು ವಾರ ಕಾದಿದ್ದೆ," ಎಂದರು ನಂಜುಂಡ. "ನಡೀಲಿಲ್ಲ. ನೀವು ಕೂತು ಕೇಳಿದ್ದೀರಿ." ಅವರು ಎದ್ದು ಸ್ಪೀಕರ್ ಗುಂಡಿ ಒತ್ತಿದರು. "ಎಲ್ಲಿ, ನಾಲ್ಕನೇದು ಹಾಕಿ."

ಮೀರಾ ಉಸಿರು ಬಿಟ್ಟದ್ದು ನನಗೆ ಡೋಲಿನ ಹಿಂದಿನಿಂದಲೂ ಕೇಳಿಸಿತು. ಮಹಿಳಾ ಸ್ಥಾನ ಹಾಡಿ ಮುಗಿಸಿದ ಮೇಲೆ ನಳಿನಿಯವರು ಇನ್ನೊಮ್ಮೆ ಹಾಕಿ ಎಂದರು. ಕನ್ನಡದ್ದು ಬಂದಾಗ ನಂಜುಂಡ, "ಇದು ನಮ್ಮ ಮೈಸೂರು ಕಡೆ ಬೈಗುಳ, ಚೆನ್ನಾಗಿ ಅರ್ಥ ಆಗುತ್ತೆ," ಎಂದು ಸಂತೋಷಪಟ್ಟರು. ನಾನು ಉಪಾಧ್ಯಕ್ಷನ ಗತ್ತಿನಲ್ಲಿ ಕಾಲು ಮೇಲೆ ಕಾಲು ಹಾಕಿದೆ.

"ಅಪ್ಪಾ, ನೀವು ನನ್ನನ್ನೇ ಕೇಳಬಹುದಿತ್ತಲ್ಲ," ಎಂದ ಅಮೋಘ್.

"ಹೇಗೋ ಕೇಳ್ಲಿ? ನೀನು ಮನೆಗೆ ಬರೋದೇ ಕಿವಿಗೆ ಬಾಗಿಲು ಹಾಕ್ಕೊಂಡು."

ಅಮೋಘ್ ಜೇಬಿನಿಂದ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ರಾಮಕೃಷ್ಣರಿಗೆ ಹೇಳಿದ, "ಅಂಕಲ್, ಐದೂ ಚೆನ್ನಾಗಿದೆ. ಆದರೆ ಏನೂ ಗೊತ್ತಿಲ್ಲದೋರಿಗೆ ಆ ದಕ್ಷಿಣದ್ದು ಕೊಡಬಾರದಿತ್ತು. ತುಂಬಾ ನಿಧಾನ, ಓಡಿಹೋಗ್ತಾರೆ."

"ಏನೂ ಗೊತ್ತಿಲ್ಲದೋಳು ನಾನು," ಎಂದಳು ಪೂರ್ವಿ. "ಒಂದು ತಿಂಗಳಿಂದ ನೀನು ಭೇಜಿಸಿದ್ದೆಲ್ಲ ಕೇಳಿದ್ದೀನಿ. ನನಗೆ ಒಂದೂ ಸಮಝ್ ಆಗಿಲ್ಲ. ಪಪ್ಪಾದು ಆಯ್ತು."

"ನಾನು ಕಳಿಸಿದ್ದು ಅರ್ಥ ಆಗಿಲ್ವಾ? ಮತ್ತೆ ಸೂಪರ್ ಅಂತ ಯಾಕೆ ಬರೆದೆ?"

ಪೂರ್ವಿ ಅಪ್ಪನ ಕಡೆ ನೋಡಿದಳು. ರಾಮಕೃಷ್ಣ ಮೆಲ್ಲಗೆ ಕಿಟಕಿಯ ಕಡೆ ತಿರುಗಿದರು.

ಸಂಜೆ ಎಲ್ಲರೂ ಸೂರತ್ ನಿಲ್ದಾಣಕ್ಕೆ ಬಂದೆವು. ಪೂರ್ವಿಯನ್ನು ವಡೋದರಾದಲ್ಲಿ ಇಳಿಸಿ ನಾವು ಅಹಮದಾಬಾದಿಗೆ ಹೋಗುವುದೆಂದು ಮಾತಾಗಿತ್ತು. ನಾವು ಮೂವರು ಹತ್ತಿದೆವು. ನಂಜುಂಡ ಬೋಗಿಯ ಬಾಗಿಲಿನ ತನಕ ಬಂದರು.

"ಮುಂದಿನ ಸಲ ವಡೋದರಾ ಗಿಡೋದರಾ ಬೇಡ," ಎಂದರು. "ನಾವೇ ನಿಮ್ಮನೆಗೆ ಬರ್ತೀವಿ. ತಾಂಬೂಲದ ತಟ್ಟೆ ತಗೊಂಡೇ ಬರ್ತೀವಿ."

"ಬರ್ರಿ, ಬರ್ರಿ," ಎಂದರು ಮೀರಾ. "ಫೋನ್ ಮಾಡಿ ಬರ್ರಿ. ನಿಮ್ಮ ಹೆಸರು ಹೇಳಿ."

ಗಾಡಿ ಹೊರಟಿತು. ಪೂರ್ವಿ ಇನ್ನೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಮೋಘ್‌ನ ಎದುರು ಕೂತು, ಬೆರಳು ಮಡಚಿ ಮಡಚಿ ಏನೋ ವಾದಿಸುತ್ತಿದ್ದಳು; ರೈಲು ಚಲಿಸಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ರಾಮಕೃಷ್ಣ ಗಾಬರಿಯಿಂದ ಎದ್ದರು. ಮೀರಾ ಅವರ ಅಂಗಿಯ ತುದಿ ಹಿಡಿದು ಕೂರಿಸಿದರು. ಆಮೇಲೆ ಕಾಲು ಚಾಚಿಕೊಂಡು, ಮಗಳ ಖಾಲಿ ಸೀಟಿನ ಮೇಲೆ ತಮ್ಮ ಚೀಲ ಇಟ್ಟರು.